ಕುಣಿಮಗ್ಗಕ್ಕೊಂದು ದೀಪದ ಸರ

ಅಂಗಡಿಯಲ್ಲಿ ಲೈಟಿನ ಸರ ಕೊಳ್ಳುವಾಗ ನಾನು ಬಣ್ಣ ಕೇಳಿದೆ, ಉದ್ದ ಕೇಳಿದೆ, ಮಿಣುಕುತ್ತದೋ ಸುಮ್ಮನೆ ಉರಿಯುತ್ತದೋ ಎಂದೂ ಕೇಳಿದೆ. ಅದನ್ನು ಚುಚ್ಚಲು ಗೋಡೆಯಲ್ಲಿ ಪ್ಲಗ್ ಇದೆಯೇ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮುಧೋಳದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ದಯವಿಟ್ಟು ಇದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಡಿ.

ಸರ ಕೊಂಡದ್ದು ಅಕ್ಕನ ಮಗ್ಗಕ್ಕೆ. ರಬಕವಿಯಲ್ಲಿರುವ ನನ್ನ ಅಕ್ಕ ಗಂಗವ್ವ ಐವತ್ತು ವರ್ಷ ಒಂದೇ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅಪ್ಪ ಹೋದ ಮೇಲೆ ಅವಳು ಆ ಕುಣಿಗಿಳಿದಳು, ನಾನು ಶಾಲೆಗೆ ಹೋದೆ. ಈಗ ಅವಳ ಮೊಣಕಾಲು ಮಾತು ಕೇಳುವುದಿಲ್ಲ. ದೀಪಾವಳಿ ಮುಗಿದ ಮೇಲೆ ಮಗ್ಗ ಬಿಚ್ಚಿಬಿಡುವುದೆಂದು ತಾನೇ ತೀರ್ಮಾನಿಸಿದಳು. ಅದಕ್ಕೆ ಮುಂಚೆ, ಅಮಾವಾಸ್ಯೆಯ ಪೂಜೆಯ ದಿನ, ಪ್ಯಾಟಿಯ ಅಂಗಡಿಗಳಿಗೆ ಹಾಕುವಂಥ ಲೈಟಿನ ಸರವನ್ನು ತನ್ನ ಮಗ್ಗಕ್ಕೂ ಒಮ್ಮೆ ಹಾಕಿ ನೋಡಬೇಕೆಂದಳು. ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳದವಳು ಕೇಳಿದ್ದು ಇದೊಂದೇ. ನಾನು ಎದೆ ತಟ್ಟಿ ಒಪ್ಪಿಕೊಂಡೆ.

ಅವಳ ಮಗ್ಗದ ಕೋಣೆ ಮನೆಯಿಂದ ಒಂದು ಓಣಿ ಆಚೆ, ಬೇರೆಯಾಗಿದೆ. ಮಣ್ಣಿನ ಗೋಡೆ, ಒಂದು ಬಲ್ಬು, ಅಷ್ಟೆ. ಕೈಮಗ್ಗಕ್ಕೆ ಬೇಕಾದ ಕರೆಂಟು ಕೈಕಾಲುಗಳಲ್ಲೇ ಇದ್ದುದರಿಂದ ಪ್ಲಗ್ಗಿನ ಮಾತೇ ಯಾರಿಗೂ ಹೊಳೆದಿರಲಿಲ್ಲ. ಆ ಒಂದು ಬಲ್ಬನ್ನೂ ಅಪ್ಪ ಹೊಸ್ತಿಲ ನೇರಕ್ಕೆ ತೂಗಿಸಿದ್ದ. ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಗುತ್ತದೆಂದು ಶಾಸ್ತ್ರಕಾರರು ಅದಕ್ಕೊಂದು ನ್ಯಾಯದ ಹೆಸರನ್ನೇ ಕೊಟ್ಟಿದ್ದಾರೆ. ಅಪ್ಪ ಶಾಸ್ತ್ರ ಓದಿದವನಲ್ಲ, ಅವನ ಹತ್ತಿರ ಇದ್ದದ್ದೇ ಒಂದು ಬಲ್ಬು. ಒಳಗೂ ಹೊರಗೂ ಅದು ಸಮನಾಗಿ ಮಬ್ಬು ಬೆಳಕು ಹಂಚುತ್ತಿತ್ತು.

ಬಲ್ಬು ತೆಗೆದು ಅದೇ ಹೋಲ್ಡರಿಗೆ ಪ್ಲಗ್ ಸಿಗಿಸಬಹುದೆಂದು ನನ್ನ ವಿಜ್ಞಾನ ಹೇಳಿತು. ಅಪ್ಪನ ಕಾಲದ ಹೋಲ್ಡರು, ತಿರುಗಿಸುತ್ತಲೇ ಪುಡಿಪುಡಿಯಾಗಿ ಕೈಗೆ ಬಂತು. ಬಲ್ಬೂ ಬಿದ್ದು ಒಡೆಯಿತು. ಅಮಾವಾಸ್ಯೆಯ ಸಂಜೆ, ಪೂಜೆಗೆ ಇನ್ನು ಒಂದು ತಾಸು. ಅಲಂಕಾರ ಮಾಡಲು ಬಂದ ನಾನು ಇದ್ದ ದೀಪವನ್ನೂ ಆರಿಸಿ ಕೂತೆ. ಅಕ್ಕ ಒಂದು ಹಣತೆ ಹಚ್ಚಿ ತಂದಿಟ್ಟಳು. ಎಣ್ಣೆಯ ದೀಪದ ದೊಡ್ಡಸ್ತಿಕೆ ಅದೇ ನೋಡಿ, ಅದಕ್ಕೆ ಯಾರ ಗೋಡೆಯ ಹಂಗೂ ಇಲ್ಲ.

ನನಗೆ ಮಾತ್ರ ಹಂಗು ತಪ್ಪಲಿಲ್ಲ. ಪಕ್ಕದ ಗೋಡೆಯಾಚೆ ಈರಣ್ಣನ ಪವರ್‌ಲೂಮ್ ಶೆಡ್ಡು, ಅಲ್ಲಿ ಪ್ಲಗ್ಗಿಗೆ ಬರವಿಲ್ಲ. ಆದರೆ ಹಿಂದಿನ ಬೇಸಿಗೆಯಲ್ಲಿ ನಾನು ಅವನ ಜೊತೆ ಜಗಳ ಮಾಡಿದ್ದೆ. ಕೋಣೆ ತಂಪೆಂದು ಅಕ್ಕನ ಮಗ್ಗದ ಪಕ್ಕ ಮಲಗಿದ್ದಾಗ ಅವನ ಮಗ್ಗಗಳ ಸದ್ದಿಗೆ ಎಚ್ಚರವಾಗಿ, ಅವನ ಬಾಗಿಲಿಗೇ ಹೋಗಿ ಕೂಗಾಡಿದ್ದೆ. ದುಡಿಯುವವರ ಊರಿನಲ್ಲಿ ಮಧ್ಯಾಹ್ನದ ನಿದ್ದೆಗಾಗಿ ಜಗಳ ತೆಗೆದ ಏಕೈಕ ಗಂಡಸು ನಾನೇ ಇರಬೇಕು. ಈಗ ನನ್ನ ಪರವಾಗಿ ನೀನೇ ಹೋಗಿ ಕೇಳು ಎಂದು ಅಕ್ಕನಿಗೆ ಹೇಳಿದೆ. ಅವಳು ಕದಲಲಿಲ್ಲ.

“ಬೈದಾಂವ ನೀನು. ನೀನ ಹೋಗಿ ಕೇಳು.”

ಹೋದೆ. ಅಮಾವಾಸ್ಯೆಗೆ ನಮ್ಮಲ್ಲಿ ಯಾರೂ ನೇಯುವುದಿಲ್ಲ, ಶೆಡ್ಡು ತೊಳೆದು ಮಗ್ಗಗಳಿಗೆ ಹೂವು ಏರಿಸಿದ್ದರು. ಬೇಸಿಗೆಯ ಸುದ್ದಿಯನ್ನು ಈರಣ್ಣ ಎತ್ತಲೇ ಇಲ್ಲ. ಇವತ್ತು ಮಗ್ಗ ನಿಂತಾವ, ಎಲ್ಲಾ ಪ್ಲಗ್ ಖಾಲಿ ಅದಾವರಿ ಸರ್, ಯಾವುದು ಬೇಕು ತಗೋರಿ ಎಂದ. ಉದ್ದನೆಯ ವೈರು ತಂದು ಗೋಡೆಯ ಮೇಲಿನಿಂದ ನಮ್ಮ ಕಡೆ ಇಳಿಬಿಟ್ಟ. ನಾನು ನಾಚಿಕೆಯಿಂದ ಅರ್ಧ, ಉಪಕಾರದ ಭಾರದಿಂದ ಅರ್ಧ ಬಗ್ಗಿ ಮರಳಿದೆ.

ಇಲ್ಲಿ ಅವಸರದಲ್ಲಿ ಸರ ಎಳೆದು ಕಟ್ಟುವಾಗ ಅದು ತುಂಡಾಯಿತು. ಅಕ್ಕ “ಕೊಡಿಲ್ಲೆ” ಎಂದು ಎರಡೂ ತುದಿ ಇಸಿದುಕೊಂಡಳು. ಹರಿದ ಎಳೆ ಕಂಡರೆ ಅವಳ ಬೆರಳು ಸುಮ್ಮನಿರುವುದಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನೇಕಾರರ ಗಂಟು ಹಾಕಿದಳು. ಸಣ್ಣದು, ಬಿಗಿಯಾದದ್ದು, ಎಷ್ಟು ಜಗ್ಗಿದರೂ ಬಿಚ್ಚದಂಥದ್ದು. ನಾನು ಆ ಗಂಟನ್ನು ಮನಸಾರೆ ಹೊಗಳಿ ಪ್ಲಗ್ ಚುಚ್ಚಿದೆ. ಒಂದು ದೀಪವೂ ಹತ್ತಲಿಲ್ಲ. ಇನ್ನೊಮ್ಮೆ ಚುಚ್ಚಿದೆ. ಅಕ್ಕನ ಮುಖ ಸಣ್ಣದಾಯಿತು. ಇರಲಿ ಬಿಡು, ಹಣತೆಯೇ ಸಾಕು ಎಂದಳು. ಆ “ಸಾಕು” ನನಗೆ ತಡೆಯಲಾಗಲಿಲ್ಲ, ಮತ್ತೆ ಈರಣ್ಣನನ್ನು ಕರೆದೆ.

ಅವನು ಬಂದು ಪ್ಲಗ್ ಕಿತ್ತು, ಹಣತೆಯ ಬೆಳಕಿನಲ್ಲಿ ಗಂಟು ನೋಡಿ ನಕ್ಕ. “ಗಂಟ ಛಲೋ ಐತಿ. ಆದರ ನೂಲಿಗಿ ಸಿಪ್ಪಿ ಇರಂಗಿಲ್ಲರಿ ಅಕ್ಕಾರ, ವೈರಿಗಿ ಇರತೈತಿ. ಸುಲದ ಕಟ್ಟಬೇಕು.”

ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅಕ್ಕನ ತಪ್ಪು ಅಭ್ಯಾಸದ್ದು. ನನ್ನದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಈರಣ್ಣ ಸುಲಿದು, ಹೊಸೆದು, ಟೇಪು ಸುತ್ತಿದ. ದೀಪ ಹತ್ತಿದವು. ಕೆಂಪು, ಹಳದಿ, ಹಸಿರು ಬೆಳಕು ಮಗ್ಗದ ಕಂಬಗಳ ಮೇಲೆ, ನೇಯ್ದು ನಿಲ್ಲಿಸಿದ ಕೊನೆಯ ಸೀರೆಯ ಮೇಲೆ ಬಿತ್ತು. ಅಕ್ಕ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

“ನಾ ಇದನ್ನ ಇಲ್ಲಿಂದ ನೋಡೇ ಇಲ್ಲ ನೋಡು. ಬರೇ ಒಳಗ ಕುಂತೇನಿ.” ಆಮೇಲೆ ನನ್ನ ಕಡೆ ತಿರುಗಿದಳು. “ತಮ್ಮಾ, ಒಂದೀಟ ಕುಣ್ಯಾಗ ಇಳದ ಕುಂದರು. ನಾ ಹೆಂಗ ಕಾಣತಿದ್ನೋ ನೋಡತೇನಿ.”

ಅರವತ್ತು ದಾಟಿದ ನಾನು ಆ ಕುಣಿಗೆ ಇಳಿದದ್ದು ಅದೇ ಮೊದಲು. ಸಣ್ಣವನಿದ್ದಾಗ ಹತ್ತಿರ ಹೋದರೂ ಪುಸ್ತಕ ತೋರಿಸಿ ಓಡಿಸುತ್ತಿದ್ದಳು. ಕಾಲಿನಿಂದ ತುಳಿಯುವ ಹಲಗೆಗಳು ಅವಳ ಪಾದದಷ್ಟಕ್ಕೆ ತಗ್ಗಾಗಿದ್ದವು, ನನ್ನ ಪಾದ ಅಲ್ಲಿ ಕೂರಲಿಲ್ಲ. ಎರಡು ನಿಮಿಷಕ್ಕೆ ನಡು ಹಿಡಿಯಿತು. ಕಣ್ಣಲ್ಲಿ ನೀರು ಬಂತು, ನಡುವಿನ ನೋವಿಗಲ್ಲ.

“ಅಕ್ಕಾ, ನೀ ಇಲ್ಲಿ ಕುಂತಿದ್ದಕ್ಕ ನಾ ಸಾಲಿ ಕಲತೆ,” ಎಂದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

“ಸಾಕ, ಮ್ಯಾಲ ಬಾ. ಪೂಜಿ ಹೊತ್ತಾತು,” ಎಂದಳು.

ಬರಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡಿದ್ದವು. ಒಂದು ರಟ್ಟೆಗೆ ಈರಣ್ಣ, ಇನ್ನೊಂದಕ್ಕೆ ಅಕ್ಕ ಕೈ ಹಾಕಿ ನನ್ನನ್ನು ಎತ್ತಿದರು. ಅಕ್ಕ ನನ್ನನ್ನು ಮೇಲಕ್ಕೆತ್ತಿದ್ದು ಇದೇ ಮೊದಲಲ್ಲ. ಎತ್ತುವಾಗ ಅವಳ ಮುಖ ನೋಡಿದ್ದು ಮಾತ್ರ ಇದೇ ಮೊದಲು. ಇಷ್ಟು ವರ್ಷ ನೋಡದಿದ್ದುದಕ್ಕೆ, ಆ ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು ಎಂದು ನನಗೆ ನಾನೇ ನೆಪ ಹೇಳಿಕೊಂಡಿದ್ದೇನೆ.