ಗಿಡ ಅಳಿಸಿದ ಫರಸಿ

ಆಳಂದದ ನಮ್ಮ ಓಣಿಯಲ್ಲಿ ಈಗ ಒಂದು ಮನೆ ಏಳುತ್ತಿದೆ. ಬೆಳಗಾದರೆ ಸಾಕು, ಕಲ್ಲು ಕೊಯ್ಯುವ ಮಿಷನ್ನಿನ ಕಿರುಚಾಟ ಶುರುವಾಗುತ್ತದೆ. ನೆರೆಯವರೆಲ್ಲ ಕಿಟಕಿ ಮುಚ್ಚಿಕೊಂಡರೆ ನಾನು ಮಾತ್ರ ತೆರೆದಿಡುತ್ತೇನೆ. ಕೊಯ್ದು ಬಿಸಿಯಾದ ಫರಸಿಯ, ಅಂದರೆ ಹಾಸುಗಲ್ಲಿನ, ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದಕ್ಕಾಗಿ. ಮಳೆಯ ವಾಸನೆಯಲ್ಲ ಅದು, ಸುಣ್ಣದ ವಾಸನೆಯೂ ಪೂರ್ತಿ ಅಲ್ಲ. ಮೂಗಿಗೆ ತಾಗಿದ ಕೂಡಲೇ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ನಾನು ಜೇವರ್ಗಿಯ ಆಚೆ ಇದ್ದ ನನ್ನ ಅಜ್ಜ ಮುತ್ಯಾನ ಮನೆಯ ಅಂಗಳದಲ್ಲಿ, ಇಳಿಬಿಸಿಲಿನಲ್ಲಿ, ಬರಿಗಾಲಲ್ಲಿ ನಿಂತಿರುತ್ತೇನೆ.

ಆ ಮನೆಯಲ್ಲಿ ಕಲ್ಲಲ್ಲದ್ದು ಏನಿತ್ತು ಎಂದು ಹುಡುಕಬೇಕು. ನೆಲ ಫರಸಿ, ಗೋಡೆ ಫರಸಿ, ಮಾಳಿಗೆಗೆ ಹೊದಿಸಿದ್ದೂ ಫರಸಿ. ಬೇಸಿಗೆಯ ಹಗಲೆಲ್ಲ ಅದು ಬಿಸಿಲು ಕುಡಿಯುತ್ತಿತ್ತು. ಸಂಜೆ ಆಯಿ, ಅಂದರೆ ನನ್ನ ಅಜ್ಜಿ, ಕೊಡದಿಂದ ನೀರು ಚೆಲ್ಲುತ್ತ ಬಂದರೆ ಅಂಗಳ ಸಣ್ಣಗೆ ಉಸಿರು ಬಿಡುತ್ತಿತ್ತು. ನೀರು ಹರಿದಲ್ಲೆಲ್ಲ ಬೂದು ಕಲ್ಲು ನೀಲಿಯಾಗುತ್ತಿತ್ತು. ಆ ನೀಲಿ ಆರುವುದರೊಳಗೆ ಚಾಪೆ ಹಾಸಿ ನಾವೆಲ್ಲ ಪ್ರಾರ್ಥನೆಗೆ ಕೂಡುತ್ತಿದ್ದೆವು. ಮುತ್ಯಾ ಕಲ್ಲಿನ ಖಣಿಯಲ್ಲಿ ಫರಸಿ ಸೀಳುವವನು. ಅವನ ತಮ್ಮ, ನಮಗೆಲ್ಲ ಸಣ್ಮುತ್ಯಾ, ಕಲ್ಲಿಗೆ ಪಾಲಿಶ್ ಹಿಡಿಯುವವನು. ಹೆಂಡತಿ ತೀರಿಕೊಂಡ ಮೇಲೆ ಅವನು ನಮ್ಮ ಜೊತೆಗೇ ಇದ್ದ. ಅಣ್ಣತಮ್ಮ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಒಬ್ಬ ಬರುವುದು ತಡವಾದರೆ ಇನ್ನೊಬ್ಬ ಕಾಯುತ್ತಿದ್ದ.

ಊರಲ್ಲಿ ಕ್ರೈಸ್ತರ ಮನೆಗಳು ಕೆಲವೇ. ಪಾದ್ರಿಗಳು ತಿಂಗಳಿಗೊಮ್ಮೆ ಬರುವವರು. ಉಳಿದಂತೆ ದೇವರ ವಾಕ್ಯ ಹೇಳುವ ಕೆಲಸ ಮುತ್ಯಾನದು. ಅವನು ಹೇಳುತ್ತಿದ್ದುದೆಲ್ಲ ಕಲ್ಲಿನಿಂದಲೇ. ಪ್ರಾರ್ಥನೆಯ ಹೊತ್ತಿಗೆ ಅಂಗಿಯ ಜೇಬಿನಿಂದ ಒಂದು ಚೂರು ತೆಗೆದು ನಮ್ಮ ಕೈಗೆ ಕೊಡುತ್ತಿದ್ದ. ಬೂದು ಕಲ್ಲಿನ ನಡುವೆ ಹರಿದ ಬಿಳಿ ಗೆರೆಯನ್ನು ಬೆರಳಿನಿಂದ ಮುಟ್ಟಿಸಿ, ಇದು ಯಾವ ಕಾಲದಲ್ಲೋ ಬಿಟ್ಟ ಬಿರುಕು, ದೇವರು ಅದನ್ನು ಮುಚ್ಚಿಡಲಿಲ್ಲ, ಬೆಳಕು ತುಂಬಿ ಬಿಟ್ಟ ಎನ್ನುತ್ತಿದ್ದ. ಅಫಜಲಪುರದ ಕಡೆ, ಮಣ್ಣೂರಿನ ಬೀಗರ ಮನೆಗೆ ಹೋದಾಗಲೆಲ್ಲ ಭೀಮಾ ನದಿಯ ದಂಡೆಯಿಂದ ದುಂಡು ಹರಳುಗಳನ್ನು ಆಯ್ದು ತರುತ್ತಿದ್ದ. ಕೆಲವು ಬೆಳಕಿಗೆ ಹಿಡಿದರೆ ಜೇನಿನಂತೆ ಕಾಣುತ್ತಿದ್ದವು.

"ಇವು ಮೊದಲ ಹಿಂಗ ದುಂಡಗ ಇರಲಿಲ್ಲವ್ವಾ. ನೀರಾಗ ಒಂದಕ್ಕೊಂದು ತಿಕ್ಕಿ ತಿಕ್ಕಿ ಹಿಂಗ ಆಗ್ಯಾವ. ಅದಕ್ಕ ಯೇಸುಸ್ವಾಮಿ ನಮ್ಮನ್ನ ಒಬ್ಬೊಬ್ಬರನ್ನ ಇಡಂಗಿಲ್ಲ, ಒಂದ ಮನ್ಯಾಗ ಕೂಡಿ ಇಡ್ತಾನ" ಎಂದಿದ್ದ ಒಮ್ಮೆ.

"ಹೌದ್ರಿ, ನಿಮ್ಮನ್ನ ತಿಕ್ಕಿ ತಿಕ್ಕಿ ನಾ ಸವದು ಹೋಗೇನಿ" ಎಂದಳು ಆಯಿ. ಸಣ್ಮುತ್ಯಾ ನಗು ತಡೆಯಲಾರದೆ ಎದ್ದು ಹೋದ. ಅವತ್ತಿನ ಪ್ರಾರ್ಥನೆ ಅಲ್ಲಿಗೇ ಮುಗಿಯಿತು.

ನಮ್ಮ ಪುಟ್ಟ ಚರ್ಚಿನಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನಕ್ಕೆ ಒಂದು ಅಲುಗಾಡುವ ಕಟ್ಟಿಗೆಯ ಮೇಜಿತ್ತು. ಅದರ ಜಾಗದಲ್ಲಿ ಕಲ್ಲಿನ ಮೇಜು ಇಡಬೇಕೆಂಬುದು ಮುತ್ಯಾನ ಬಹಳ ದಿನದ ಆಸೆ. ಒಂದು ವರ್ಷ ಬೇಸಿಗೆಯ ಆರಂಭದಲ್ಲಿ ಖಣಿಯಲ್ಲಿ ಒಂದು ಪದರು ಸೀಳಿದಾಗ ಒಳಗೆ ಒಂದು ಗಿಡ ಕಂಡಿತು. ನಿಜವಾದ ಗಿಡವಲ್ಲ, ಕಲ್ಲೇ ತನ್ನೊಳಗೆ ಮೂಡಿಸಿಕೊಂಡ ಗಿಡ. ಕಂದು ಬಣ್ಣದ ಕಾಂಡ, ಅದರಿಂದ ಕೂದಲಿನಷ್ಟು ಸಣ್ಣ ಕೊಂಬೆ, ಕೊಂಬೆಗೆ ಗರಿ ಗರಿ. ಫರಸಿಯನ್ನು ತನ್ನ ಟ್ರ್ಯಾಕ್ಟರಿನಲ್ಲಿ ಮನೆಗೆ ತಂದ ನೆರೆಮನೆಯ ಖಾಜಾ ಕಾಕಾ, ಇಳಿಸಿದ ಮೇಲೂ ಹೋಗದೆ ಅಲ್ಲೇ ನಿಂತಿದ್ದ. "ಮುಟ್ಟಾಕ ಸೈತ ಅಂಜಿಕಿ ಬರ್ತದ ನೋಡ್ರಿ" ಎಂದ. ಮುತ್ಯಾ ಅದರ ಮೇಲೆ ಗೋಣಿಚೀಲ ಹೊದಿಸುತ್ತ, "ಕತ್ತಲಾಗ, ಯಾರೂ ನೋಡದಲ್ಲಿ, ದೇವರು ಕುಂತು ಬರದಾನ. ಇದು ಅವನ ಮೇಜಿಗೇ" ಎಂದ. ಈಸ್ಟರ್ ಹಬ್ಬದ ಬೆಳಿಗ್ಗೆ ಆ ಗಿಡದ ಮೇಲೆಯೇ ರೊಟ್ಟಿ ಮುರಿಯುವುದೆಂದು ಗೊತ್ತಾಯಿತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಚೀಲ ಸರಿಸಿ ಆ ಗಿಡದ ಕೆಳಗೆ ಕೆನ್ನೆ ಇಟ್ಟು ಮಲಗುತ್ತಿದ್ದೆ. ಅಷ್ಟು ತಂಪಾದ ನೆರಳನ್ನು ನಾನು ಮತ್ತೆಂದೂ ಕಂಡಿಲ್ಲ.

ಹಬ್ಬ ಹತ್ತಿರ ಬಂದಾಗ ಮುತ್ಯಾ ಮಣ್ಣೂರಿಗೆ ಹೋಗಬೇಕಾಯಿತು. ಅವನು ಬರುವುದರೊಳಗೆ ಅಣ್ಣನಿಗೆ ಅಚ್ಚರಿಯಾಗುವಂಥದ್ದು ಮಾಡಬೇಕೆಂದು ಸಣ್ಮುತ್ಯಾನಿಗೆ ಅನ್ನಿಸಿತು. ಫರಸಿಯನ್ನು ಪಾಲಿಶ್ ಮಿಷನ್ನಿಗೆ ಒಯ್ದ. ಪಾಲಿಶ್ ಹಿಡಿದಷ್ಟೂ ಕಲ್ಲಿನ ಬಣ್ಣ ಮೇಲೆದ್ದು ಬರುವುದನ್ನೇ ಅವನು ಜನ್ಮವಿಡೀ ನೋಡಿದ್ದ. ಬಿಳಿ ಗೆರೆಗಳು ಕಲ್ಲಿನ ಆಳಕ್ಕೆ ಇಳಿದಿರುತ್ತಿದ್ದವು, ತಿಕ್ಕಿದರೆ ಹೊಳೆಯುತ್ತಿದ್ದವು. ಗಿಡವೂ ಹಾಗೆಯೇ ಎಂದುಕೊಂಡ. ಆದರೆ ಗಿಡ ಆಳಕ್ಕೆ ಇಳಿದಿರಲಿಲ್ಲ, ಎರಡು ಪದರುಗಳ ನಡುವೆ, ಹಾಲಿನ ಕೆನೆಗಿಂತ ತೆಳ್ಳಗೆ ಇತ್ತು. ಮಿಷನ್ ಒಮ್ಮೆ ಸುತ್ತಿ ಬರುವಷ್ಟರಲ್ಲಿ ಅಳಿಸಿಹೋಯಿತು. ಫರಸಿಯನ್ನು ಮನೆಗೆ ತಂದು ಗೋಡೆಗೆ ಒರಗಿಸಿ ಸಣ್ಮುತ್ಯಾ ಅದರ ಪಕ್ಕದಲ್ಲೇ ಕುಳಿತುಬಿಟ್ಟ. 

ಮುತ್ಯಾ ಬಂದ, ನೋಡಿದ. ಬೈದಿದ್ದರೆ ಎಲ್ಲರಿಗೂ ಜೀವ ಬರುತ್ತಿತ್ತು.  ಅವನು ಬೇರೆ ತಾಟು ತೆಗೆದುಕೊಂಡು ಒಬ್ಬನೇ ಉಂಡ. ಸಂಜೆಯ ಪ್ರಾರ್ಥನೆ ನಿಂತಿತು, ಅವನ ಜೇಬು ಖಾಲಿಯಾಯಿತು. ಸಣ್ಮುತ್ಯಾ ತನ್ನ ಟ್ರಂಕಿಗೆ ಬಟ್ಟೆ ತುಂಬಿದ. "ಹಬ್ಬ ಆದ ಮ್ಯಾಲ ಭೂಸನೂರಿಗೆ ಹೋಗ್ತೇನಿ ವೈನಿ, ಸಕ್ಕರಿ ಫ್ಯಾಕ್ಟರಿ ಕಡೆ ಏನರ ಕೆಲಸ ಸಿಗ್ತದ" ಎಂದು ಆಯಿಗೆ ಹೇಳಿದ. ಅವನು ಹೋದರೆ ಮತ್ತೆ ಬರುವವನಲ್ಲ ಎಂದು ಮಕ್ಕಳಾದ ನಮಗೂ ಗೊತ್ತಿತ್ತು. 

ಚರ್ಚಿನ ಪ್ರಭುಭೋಜನಕ್ಕೆ ಜೋಳದ ರೊಟ್ಟಿ ಬಡಿಯುವುದು ಆಯಿಯ ಪಾಲಿನ ಸೇವೆ. ಹಬ್ಬದ ಹಿಂದಿನ ದಿನ ಸಂಜೆ ಅವಳು ಪರಾತದಲ್ಲಿ ಹಿಟ್ಟು ಹಾಕಿಕೊಂಡು, ಎಸರಿನ ನೀರನ್ನು ಪಕ್ಕಕ್ಕಿಟ್ಟುಕೊಂಡು ಅಂಗಳದ ಒಲೆಯ ಮುಂದೆ ಸುಮ್ಮನೆ ಕುಳಿತಳು. ಒಲೆ ಉರಿಯುತ್ತಿತ್ತು, ಹೆಂಚು ಕಾಯುತ್ತಿತ್ತು, ಅವಳು ಕೈ ಹಚ್ಚಲಿಲ್ಲ.

"ಯಾಕ, ಹೊತ್ತಾಗ್ತದಲ್ಲ?" ಎಂದ ಮುತ್ಯಾ.

"ಮುನಿಸಿನ ಮನಿ ಹಿಟ್ಟು ನಾ ನಾದಂಗಿಲ್ರಿ. ನಾಳೆ ಮಂದಿಗೆ ನೀವೇ ಹೇಳ್ರಿ, ರೊಟ್ಟಿ ಇಲ್ಲಂತ."

ಮುತ್ಯಾ ಏನೋ ಹೇಳಹೋದ. ಆಯಿ ಬಿಡಲಿಲ್ಲ. "ಗಿಡ ಇದ್ದಿದ್ರ ಎಲ್ಲಾರೂ ಗಿಡಾನೇ ನೋಡ್ತಿದ್ರು. ರೊಟ್ಟಿ ಯಾರು ನೋಡ್ತಿದ್ರು? ದೇವರು ಬರದಿದ್ದು ದೇವರು ಒಯ್ದಾನ. ನಿಮ್ಮ ತಮ್ಮನ್ನ ಯಾಕ ಕಳಸ್ತೀರಿ?" 

 ಮುತ್ಯಾ ಗೋಡೆಗೆ ಒರಗಿಸಿದ್ದ ಫರಸಿಯ ಹತ್ತಿರ ಹೋಗಿ ಅಂಗೈಯಿಂದ ಅದನ್ನು ಸವರಿದ. ಎಲ್ಲಿಯೂ ತಡೆ ಇರಲಿಲ್ಲ. ಸಂಜೆಯ ಬೆಳಕಿನಲ್ಲಿ ಅದು ತಿಳಿನೀಲಿಯಾಗಿ, ಗಾಳಿಯಿಲ್ಲದ ದಿನದ ಕೆರೆಯಂತೆ ಕಾಣುತ್ತಿತ್ತು. ಅದು ಎಷ್ಟು ಚೆಂದವಿತ್ತೆಂದು ನಾವ್ಯಾರೂ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

"ಗಿಡ ನನಗೇ ಸಿಕ್ತು ಅಂತ ಸೊಕ್ಕು ಬಂದಿತ್ತು" ಎಂದ, ಯಾರಿಗೆಂದು ಗೊತ್ತಾಗದ ಹಾಗೆ. ಆಮೇಲೆ ತಲೆ ಎತ್ತಿ ಒಳಗೆ ಕೂಗಿದ. "ತಮ್ಮಾ! ಬಾ ಲೇ, ಈ ಕಲ್ಲು ಒಬ್ಬನ ಕೈಲೆ ಏಳಂಗಿಲ್ಲ. ಆ ಕಡಿ ಹಿಡಿ."

ಸಣ್ಮುತ್ಯಾ ಬಾಗಿಲಿಗೆ ಬಂದು ನಿಂತ. "ಅಣ್ಣಾ, ನಾ..." ಎಂದ.

"ಹಿಡಿ ಅಂದ್ನಲ್ಲ."

ಹಿಂದುಗಡೆ ಆಯಿ ಹಿಟ್ಟಿಗೆ ಎಸರು ಸುರಿದ ಸದ್ದು ಕೇಳಿತು. ಮರುದಿನ ಬೆಳಿಗ್ಗೆ ಆ ಬರಿಯ ನೀಲಿ ಕಲ್ಲಿನ ಮೇಲೆ ಆಯಿಯ ರೊಟ್ಟಿ ಒಂದೇ ಇತ್ತು. ಪಾದ್ರಿಗಳು ಅದನ್ನು ಮುರಿದು ಹಂಚಿದಾಗ ಅಣ್ಣತಮ್ಮ ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ಮೊಣಕಾಲೂರಿದ್ದರು. ಸಣ್ಮುತ್ಯಾ ಅಳುತ್ತಲೇ ತಿಂದ.

ಈಗ ಆ ಮೂವರೂ ಇಲ್ಲ. ಮನೆಯ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಮಾರಿದ್ದಾರೆ, ಅಂಗಳವಿದ್ದಲ್ಲಿ ರಸ್ತೆ ಹೋಗಿದೆ, ಖಣಿಯಲ್ಲಿ ಹಸಿರು ನೀರು ನಿಂತಿದೆ. ನಿಮಗೂ ಇಂಥ ಒಂದು ಮನೆ ಇದ್ದಿರಬಹುದು, ಅದರ ಗೋಡೆಗಳು ಈಗ ಯಾರದೋ ಮನೆಯ ಮೆಟ್ಟಿಲಾಗಿರಬಹುದು. ದೇವರು ಕಲ್ಲಿನಲ್ಲಿ ಬರೆದ ಆ ಗಿಡವನ್ನು ನೆನಪಿನಿಂದ ಬಿಡಿಸಲು ನಾನು ಎಷ್ಟೋ ಸಲ ಕೂತಿದ್ದೇನೆ. ಒಂದು ಕೊಂಬೆಯೂ ಬರುವುದಿಲ್ಲ. ಕಣ್ಣು ಮುಚ್ಚಿದರೆ ಕಾಣುವುದು ಬೇರೆಯೇ: ಇಬ್ಬರು ಮುದುಕರು ಒಂದು ಫರಸಿಯ ಎರಡು ತುದಿ ಹಿಡಿದು, "ಸಾವಕಾಶ ಲೇ", "ಹೂಂ ಅಣ್ಣಾ" ಎನ್ನುತ್ತ, ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಚರ್ಚಿನ ಕಡೆ ಹೋಗುತ್ತಿದ್ದಾರೆ.