ಭೂಪಾಲ ಬಿಟ್ಟ ಪೇಟಿ

ಶೇಡಬಾಳದ ಬಸದಿ ಓಣಿಯಲ್ಲಿ ಭೂಪಾಲನದೊಂದು ಕಿರಾಣಿ ಅಂಗಡಿಯಿತ್ತು. ಆದರೆ ಊರವರು ಅವನನ್ನು ಗುರುತಿಸುತ್ತಿದ್ದುದು ಅಂಗಡಿಯಿಂದಲ್ಲ, ಪೇಟಿಯಿಂದ. ಪೇಟಿಯೆಂದರೆ ಹಾರ್ಮೋನಿಯಂ. ಮಿರಜದಲ್ಲಿ ಕೊಂಡು, ರೈಲಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದಿದ್ದ. ಬೇಳೆ ತೂಗುವಾಗ ಗಿರಾಕಿಯ ಮುಖ ನೋಡಿ ನಾಲ್ಕು ಮಾತಾಡುವ ಸ್ವಭಾವವಲ್ಲ ಅವನದು. ಕೇಳಿದ್ದಕ್ಕೆ ಒಂದು ಹೂಂ, ಕೇಳದಿದ್ದುದಕ್ಕೆ ಅದೂ ಇಲ್ಲ. ಇಂಥ ಗುಮ್ಮನಗುಸುಕನ ಬೆರಳಿಗೆ ಪೇಟಿಯ ಮುಂದೆ ಕೂತಾಗ ಮಾತ್ರ ಅಷ್ಟೊಂದು ಮಾತು ಎಲ್ಲಿಂದ ಬರುತ್ತಿತ್ತೋ ತಿಳಿಯದು.

ಹಾಡುತ್ತಿದ್ದವಳು ಹೆಂಡತಿ ಜಿನಮತಿ. ಕಾಗವಾಡದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಒಲೆಯ ಮುಂದೆ ಗುನುಗುತ್ತಿದ್ದಳು. ಭೂಪಾಲ ಪಡಸಾಲೆಯಲ್ಲಿ ಕೂತು ಅದೇ ಧಾಟಿಯನ್ನು ಪೇಟಿಯಲ್ಲಿ ಹಿಡಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಹಾಡನ್ನೂ ನಿಲ್ಲಿಸಲಿಲ್ಲ. ಗಂಡ ಹೆಂಡತಿ ಮೊದಲ ಬಾರಿ ಮನಸ್ಸು ಬಿಚ್ಚಿ ಮಾತಾಡಿದ್ದು ಹೀಗೆ.

ಅಲ್ಲಿಂದ ಶುರುವಾದದ್ದು ಅವರ ಮನೆಯ ರವಿವಾರ. ಮಧ್ಯಾಹ್ನ ಮೂರಕ್ಕೆ ಓಣಿಯ ಜನ ಪಡಸಾಲೆ ತುಂಬುತ್ತಿದ್ದರು. ಬಸದಿಯ ಸ್ತುತಿಪದ, ನಡುವೆ ಒಂದೆರಡು ಮರಾಠಿ ಅಭಂಗ. ಐದಾಗುತ್ತಲೇ ಹಾಡು ನಿಲ್ಲಬೇಕು. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಊಟವಿಲ್ಲವಲ್ಲ. ಹೆಂಗಸರು ತಂತಮ್ಮ ಮನೆಯಿಂದ ಬುಟ್ಟಿ ತರುತ್ತಿದ್ದರು: ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಗೋದಿ ಬೆಲ್ಲದ ಹುಗ್ಗಿ ಮಾತ್ರ ಜಿನಮತಿಯದೇ. ಬಿಸಿಲು ಅಂಗಳದ ಗೋಡೆ ದಾಟುವುದರೊಳಗೆ ಎಲ್ಲರೂ ಕೈ ತೊಳೆದಿರಬೇಕು.

ತಬಲಾ ನುಡಿಸುತ್ತಿದ್ದವನು ಲಗಮಪ್ಪ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಅನಂತಪುರವೆಂಬ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ತನ್ನ ಜಾತಿಯನ್ನು ನೆನೆದು ಮೊದಲ ರವಿವಾರ ಚೀಲದಲ್ಲಿ ತನ್ನದೇ ತಾಟು ತಂದು ಕಟ್ಟೆಯ ಮೇಲೆ ಕೂತಿದ್ದ. ಜಿನಮತಿ ಆ ತಾಟು ಕಸಿದುಕೊಂಡು ಒಳಗಿಟ್ಟಳು. "ತಾಳ ಹಾಕಾಕ ಒಳಗ ಬರ್ತೀರಿ, ಉಣ್ಣಾಕ ಹೊರಗ ಕುಂದರ್ತೀರಿ. ಬರ್ರಿ, ಸಾಲಿನ್ಯಾಗ ಕುಂದರ್ರಿ" ಎಂದಳು. ಇಬ್ಬರು ಹಿರಿಯರು ಮುಖ ಸಿಂಡರಿಸಿದರು, ಒಂದು ರವಿವಾರ ಬರಲೂ ಇಲ್ಲ. ಹುಗ್ಗಿಯ ರುಚಿ ದೊಡ್ಡದು, ಅದರ ಮುಂದಿನ ವಾರ ಬಂದರು.

ಎಂಬತ್ತನಾಲ್ಕರ ಮಳೆಗಾಲದಲ್ಲಿ ಜಿನಮತಿಗೆ ಹೊಟ್ಟೆನೋವು ಕಾಣಿಸಿತು. ಮಿರಜದ ಆಸ್ಪತ್ರೆಯಲ್ಲಿ ಕೊಯ್ದರು. ಕೊಯ್ದ ಮೇಲೆ ಜ್ವರ ಇಳಿಯಲೊಲ್ಲದು. ಎಂಟನೆಯ ದಿನ ಡಾಕ್ಟರು ಭೂಪಾಲನ ಕಣ್ಣು ತಪ್ಪಿಸಿ ನಡೆದುಹೋದರು. ಅವನು ಅವಳ ಬಳಿ ನಾದಿನಿಯನ್ನು ಕೂರಿಸಿ ರೈಲು ಹತ್ತಿ ಊರಿಗೆ ಬಂದ, ಮನೆಗೂ ಹೋಗದೆ ನೇರ ಬಸದಿಗೆ ನಡೆದ.

ಆ ವರ್ಷ ಊರಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಅವರ ಮುಂದೆ ನಿಂತು ಪ್ರೀತಿಯದೊಂದನ್ನು ಬಿಡುವ ನೇಮ ಹಿಡಿಯುವುದು ಜೈನ ಗೃಹಸ್ಥರಾದ ಶ್ರಾವಕರ ರೂಢಿ. ಒಬ್ಬ ಎಲೆ ಅಡಿಕೆ ಬಿಡುತ್ತಾನೆ, ಒಬ್ಬಳು ಬೆಲ್ಲ ಬಿಡುತ್ತಾಳೆ. ಬಿಟ್ಟಷ್ಟು ಕರ್ಮ ಸವೆಯುತ್ತದೆ ಎಂಬ ನಂಬಿಕೆ. ಹೆಚ್ಚಿನವರು ಜಾಣರು, ನಾಲ್ಕು ತಿಂಗಳಿಗೆ ಬಿಡುತ್ತಾರೆ, ದೀಪಾವಳಿ ಮುಗಿಯುತ್ತಲೇ ಎಲೆ ಅಡಿಕೆ ಮತ್ತೆ ಬಾಯಿಗೆ ಬರುತ್ತದೆ. ಭೂಪಾಲ ಹೋದದ್ದು ಮಧ್ಯಾಹ್ನದ ಹೊತ್ತು, ಬಸದಿಯಲ್ಲಿ ಮುನಿಗಳ ಹೊರತು ಮತ್ಯಾರೂ ಇರಲಿಲ್ಲ.

"ಪೇಟಿ ಬಿಟ್ಟೇನ್ರಿ ಮಹಾರಾಜ" ಎಂದ ಭೂಪಾಲ.

"ಎಷ್ಟು ದಿನಕ್ಕಪ್ಪಾ?"

"ಜೀವ ಇರೋತನಕಾ."

ಮುನಿಗಳು ಅವನ ಮುಖ ನೋಡಿದರು. "ಅವಸರ ಮಾಡಬ್ಯಾಡ. ಮನೀಗಿ ಹೋಗಿ ವಿಚಾರ ಮಾಡಿ, ನಾಳಿ ಬಾ" ಎಂದರು. ಭೂಪಾಲ ಹೋಗಲಿಲ್ಲ. ಮಿರಜದಲ್ಲಿ ಅವಳಿಗೆ ನಾಳೆ ಎಂಬುದು ಉಂಟೋ ಇಲ್ಲವೋ. ಕೈ ಮುಗಿದುಕೊಂಡು ನಿಂತೇ ಇದ್ದ, ಕೊನೆಗೆ ಅವರು ನೇಮ ಕೊಟ್ಟರು.

ಮೂರು ದಿನಕ್ಕೆ ಜ್ವರ ಇಳಿಯಿತು. ಔಷಧಿಯಿಂದ ಇಳಿಯಿತೋ ನೇಮದಿಂದಲೋ ನಾನು ಹೇಳಲಾರೆ. ಭೂಪಾಲನಿಗಂತೂ ಅನುಮಾನವೇ ಇರಲಿಲ್ಲ.

ಮನೆಗೆ ಬಂದ ಹದಿನೈದು ದಿನಕ್ಕೆ ಜಿನಮತಿ ತಾನೇ ಪಡಸಾಲೆ ಗುಡಿಸಿ ಚಾಪೆ ಹಾಸಿದಳು. "ನಾಳಿ ರವಿವಾರರಿ. ಲಗಮಪ್ಪಣ್ಣಗ ಹೇಳಿ ಕಳಸ್ರಿ."

"ಬೆರಳು ನೋಯಾಕತ್ತಾವು" ಎಂದ ಭೂಪಾಲ.

ಅದರ ಮುಂದಿನ ರವಿವಾರವೂ ಬೆರಳು ನೋಯುತ್ತಿತ್ತು. ಪೇಟಿ ಬಿಟ್ಟ ಮಹಾನುಭಾವ ಸುಳ್ಳನ್ನು ಬಿಡಲಿಲ್ಲ ನೋಡಿ! ಮಾಡಿದ ತ್ಯಾಗವನ್ನು ಆಡಿ ತೋರಿಸಿದರೆ ಅದರ ಪುಣ್ಯ ಕರಗುತ್ತದೆ, ಕರಗಿದರೆ ಜ್ವರ ಮರಳುತ್ತದೆ ಎಂದು ಅವನ ಲೆಕ್ಕ. ಹೆಂಡತಿಯ ಜೀವ ತನ್ನ ಬಾಯಿಯಲ್ಲಿದೆ ಎಂದುಕೊಂಡವನು ಬಾಯಿ ಬಿಡುವುದಾದರೂ ಹೇಗೆ? ಅವನ ಮೇಲೆ ನನಗೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಕನಿಕರವೂ ಬರುತ್ತದೆ.

ಜನ ನಾಲ್ಕು ವಾರ ಬಂದು ನೋಡಿದರು, ಆಮೇಲೆ ಬರಲಿಲ್ಲ. ಲಗಮಪ್ಪ ಮಾತ್ರ ಆಗಾಗ ಬಂದು, ಚಹಾ ಕುಡಿದು, ಬಟ್ಟೆ ಬಿಚ್ಚದ ತಬಲಾವನ್ನು ಮತ್ತೆ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಜಿನಮತಿ ಒಲೆಯ ಮುಂದೆ ಸಹ ಗುನುಗುವುದನ್ನು ಬಿಟ್ಟಳು. ಅವಳು ಗುನುಗಿದರೆ ಗಂಡ ಎದ್ದು ಅಂಗಡಿಗೆ ಹೋಗುತ್ತಿದ್ದ. ಕೇಳುತ್ತ ಕೂತರೆ ಕೈ ತಡೆಯುವುದು ಕಷ್ಟವಾಗುತ್ತಿತ್ತು ಅವನಿಗೆ. ಅವಳಿಗೇನು ಗೊತ್ತು? ತನ್ನ ದನಿಯೇ ಅವನಿಗೆ ಬೇಡವಾಗಿದೆ ಎಂದುಕೊಂಡಳು. ಹೀಗೆ ಹನ್ನೊಂದು ವರ್ಷ ಇಬ್ಬರೂ ಒಂದೇ ಮನೆಯಲ್ಲಿ, ರವಿವಾರವೂ ಐದು ಗಂಟೆಗೆ ಎದುರುಬದುರು ಕೂತು, ಮಾತಿಲ್ಲದೆ ಉಂಡರು.

ತೊಂಬತ್ತೈದರಲ್ಲಿ ನೋವು ಮರಳಿತು. ಈ ಸಲ ಮಿರಜದವರು ಕೊಯ್ಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಬೇಡಿದ್ದು ಉಣ್ಣಿಸಿ ಎಂದರು. ಅವಳು ಉಣ್ಣುವುದೇನನ್ನೂ ಬೇಡಲಿಲ್ಲ. ಒಂದು ರವಿವಾರ ಮಧ್ಯಾಹ್ನ, ಲಗಮಪ್ಪ ನೋಡಲು ಬಂದಿದ್ದಾಗ, ಗಂಡನನ್ನು ಹತ್ತಿರ ಕರೆದಳು.

"ಒಂದ್ ಸಲ ಪೇಟಿ ಬಾರಿಸ್ರಿ. ಬೆರಳು ನೊಂದರೂ ಬಾರಿಸ್ರಿ. ನಾ ಮತ್ತ ಕೇಳಂಗಿಲ್ಲ."

ಭೂಪಾಲ ತಲೆ ತಗ್ಗಿಸಿದ. ನೇಮ ಮುರಿದರೆ ಅವಳು ಹೋಗುತ್ತಾಳೆ, ಹಿಡಿದರೆ ಉಳಿದಾಳು ಎಂಬ ಆಸೆ ಅವನಿಗಿನ್ನೂ ಇತ್ತು. "ಬ್ಯಾಡ ಸುಮ್ನಿರು" ಎಂದು ಹಿತ್ತಲಿಗೆ ನಡೆದ.

ಲಗಮಪ್ಪ ಬೆನ್ನು ಹತ್ತಿ ಬಂದು ರಟ್ಟೆ ಹಿಡಿದ. "ಭೂಪಾಲಣ್ಣಾ, ನೀ ಮನಶ್ಯಾ ಹೌದೋ ಅಲ್ಲೋ? ವೈನಿ ಏನ್ ಬಂಗಾರ ಬೇಡ್ಯಾಳೇನು?"

ಆಗ ಭೂಪಾಲನ ಕಟ್ಟೆ ಒಡೆಯಿತು. ಹಿತ್ತಲ ಕಲ್ಲಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿಬಿಟ್ಟ. ಲಗಮಪ್ಪನ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. "ನನಗ ಯಾಕ ಹೇಳ್ತಿ? ಅಕಿಗೆ ಹೇಳ ಹೋಗು" ಎಂದು ಅವನನ್ನು ಎಬ್ಬಿಸಿ ಒಳಗೆ ತಂದ.

ಭೂಪಾಲ ಹೆಂಡತಿಯ ಹಾಸಿಗೆಯ ಪಕ್ಕ ಕೂತು ಬಸದಿಯ ಆ ಮಧ್ಯಾಹ್ನವನ್ನು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು.

"ನಾ ಏನ್ ತಪ್ಪ ಮಾಡೀನಿ ಅಂತ ಹನ್ನೊಂದ ವರ್ಷ ಹುಡುಕೀನ್ರಿ" ಎಂದಳು ಕೊನೆಗೆ. "ಮಿರಜದಾಗ ಜ್ವರದಾಗ ಬಿದ್ದಾಗ ಒಂದ ಧ್ಯಾನ ನನಗ. ಎದ್ದು ಮನೀಗಿ ಹೋಗಬೇಕು, ರವಿವಾರ ಹಾಡಬೇಕು."

ಭೂಪಾಲ ಧಡಕ್ಕನೆ ಎದ್ದ. ಪಾಪವೋ ಪುಣ್ಯವೋ ಆಗಲಿ ಎಂದು ಅಟ್ಟದ ಮೇಲಿನ ಪೇಟಿ ಇಳಿಸಿ, ಧೂಳು ಒರೆಸಿ ಅವಳ ಮುಂದಿಟ್ಟ. ಗಾಳಿ ಹಾಕಲು ಕೈ ಚಾಚಿದ. ಜಿನಮತಿ ಆ ಕೈ ಹಿಡಿದಳು.

"ಬ್ಯಾಡ್ರಿ. ನನ್ನ ಸಲುವಾಗಿ ಮಾಡಿದ ನೇಮ, ನನ್ನ ಸಲುವಾಗಿ ಮುರೀಬ್ಯಾಡ್ರಿ. ನನಗೂ ಈಗ ಉಸಿರಿಲ್ಲ." ಸ್ವಲ್ಪ ತಡೆದು ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ, ಅದನ್ನೇ ಅವನಿಂದ ಸಹಿಸಲಾಗಲಿಲ್ಲ. "ನಿಮ್ಮ ಪೇಟಿ ನೀವ್ ಬಿಟ್ರಿ. ನನ್ನ ಹಾಡು ಯಾರನ್ನ ಕೇಳಿ ಬಿಟ್ರಿ?"

ಮಂಗಳವಾರ ಬೆಳಿಗ್ಗೆ ಅವಳು ತೀರಿಕೊಂಡಳು.

ಲಗಮಪ್ಪನ ಬಾಯಿಂದ ನೇಮದ ಸುದ್ದಿ ಊರಿಗೆಲ್ಲ ಹಬ್ಬಿತು. ಊರು ಬೆರಗಾಯಿತು. ಹೆಂಡತಿ ಹೋದ ಮೇಲೂ ಪೇಟಿ ಮುಟ್ಟದ ಭೂಪಾಲ ಈಗ ಊರಿಗೆ ದೊಡ್ಡ ಮನುಷ್ಯನಾದ. ಹೆತ್ತವರು ಮಕ್ಕಳಿಗೆ ಅವನನ್ನು ತೋರಿಸತೊಡಗಿದರು. ತೊಂಬತ್ತೆಂಟರ ಪರ್ಯುಷಣ ಪರ್ವದಲ್ಲಿ, ಒಂದು ರವಿವಾರ ಮಧ್ಯಾಹ್ನ, ಬಸದಿಯಲ್ಲಿ ಸಭೆ ಕೂಡಿಸಿ ಅವನ ತ್ಯಾಗಕ್ಕೆಂದು ಶಾಲು ಹೊದಿಸಿದರು. ಹಿರಿಯರೊಬ್ಬರು ಹೊಗಳಿ ಮಾತಾಡಿದರು. ಊಟಕ್ಕೆ ಹುಗ್ಗಿಯೂ ಆಗಿತ್ತು.

ಎರಡು ಮಾತು ಆಡಿ ಎಂದು ಮೈಕು ಕೊಟ್ಟಾಗ ಭೂಪಾಲ ಎದ್ದು ನಿಂತ. ಆಮೇಲೆ ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟ.

"ನಾ ಬಿಟ್ಟಿದ್ದು ನಂದಲ್ರಿ, ಅಕಿದು" ಎಂದು ಹೇಳಿ, ಉಣ್ಣದೆ ಮನೆಗೆ ಹೋದ.