ಎರಡನೆಯ ಕುರ್ಚಿ

ಅವರ ಕಟಿಂಗ್ ಅಂಗಡಿಯಲ್ಲಿ ಕುರ್ಚಿಗಳು ಎರಡು, ಕೆಲಸ ನಡೆಯುತ್ತಿದ್ದುದು ಒಂದರಲ್ಲಿ. ಇನ್ನೊಂದರ ಮೇಲೆ ಮೂರು ವರ್ಷದಿಂದ ಒಂದು ಹಳೆಯ ಹಾಸುಬಟ್ಟೆ ಹೊದೆಸಿತ್ತು. ಬೆಂಚಿನಲ್ಲಿ ಜಾಗ ಸಾಲದೆ ಯಾರಾದರೂ ಅದರ ಮೇಲೆ ಕೂರಲು ಹೋದರೆ ಅವರು ಕತ್ತರಿ ನಿಲ್ಲಿಸಿ, "ಅದು ಬೇಡ, ಇಲ್ಲೇ ಸ್ವಲ್ಪ ಸರ್ಕೊಂಡು ಕೂತ್ಕೊಳ್ಳಿ, ಒಂದೇ ನಿಮಿಷ" ಎನ್ನುತ್ತಿದ್ದರು. ಆ ಒಂದು ನಿಮಿಷ ಮುಕ್ಕಾಲು ಗಂಟೆಗೆ ಕಡಿಮೆ ಎಂದೂ ಆದದ್ದಿಲ್ಲ. ಹಾಗಾಗಿ ಬೀದಿಯವರ ಬಾಯಲ್ಲಿ ಅವರು ಒಂದ್ನಿಮಿಷದಣ್ಣ. ನಿಜವಾದ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಗಾಜಿನ ಹಿಂದೆ ಇತ್ತು. ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಅವರ ಕೈ ಒಳ್ಳೆಯ ಕೈ. ಕತ್ತಿನ ಹಿಂದೆ ಕೂದಲಿನ ಗೆರೆ ತೆಗೆಯುವಾಗ ಬೇರೆಯವರು ಎರಡೂ ತುದಿಗೆ ಚೂಪಾದ ಮೂಲೆ ಬಿಡುತ್ತಾರೆ. ಆ ದಿನಕ್ಕೆ ಅದು ಚಂದ. ನಾಲ್ಕು ದಿನ ಕಾಲರು ಉಜ್ಜಿತೆಂದರೆ ಮೊದಲು ಕೆದರಿ ನಿಲ್ಲುವುದು ಆ ಮೂಲೆಯೇ. ಒಂದ್ನಿಮಿಷದಣ್ಣ ಆ ಮೂಲೆಯನ್ನು ಕತ್ತಿಯ ತುದಿಯಿಂದ ಕಡಲೆಕಾಳಿನಷ್ಟು ದುಂಡಗೆ ತಿರುಗಿಸುತ್ತಿದ್ದರು. ಅದರಲ್ಲೂ ಎಡಗಡೆಯದು ಬಲಗಡೆಗಿಂತ ಒಂದೆಳೆ ಮೇಲೆ. ಜನ ನಡೆಯುವಾಗ, ಕೂರುವಾಗ, ಮಾತು ಕೇಳುವಾಗ ತಲೆಯನ್ನು ಎಡಕ್ಕೆ ವಾಲಿಸುವುದೇ ಹೆಚ್ಚು, ಕಾಲರು ಉಜ್ಜುವುದೂ ಆ ಕಡೆಯೇ ಎಂದು ಅವರು ಮೂವತ್ತೈದು ವರ್ಷ ಗಿರಾಕಿಗಳ ಹಿಂದೆ ನಿಂತು ನೋಡಿ ಕಂಡುಕೊಂಡಿದ್ದರು. ಈ ಕೆಲಸವನ್ನು ಅವರು ಕಲಿಸಿದ್ದು ಒಬ್ಬನಿಗೇ, ಮಗನಿಗೆ.

ಮಗ ಎರಡನೆಯ ಕುರ್ಚಿಯ ಹಿಂದೆ ನಾಲ್ಕು ವರ್ಷ ನಿಂತ. ಒಂದು ದಿನ, ಅಂಗಡಿ ತುಂಬ ಜನ ಇರುವಾಗಲೇ, ಜೀವಮಾನವಿಡೀ ಕಂಡವರ ತಲೆಯ ಹಿಂದೆ ನಿಂತು ಸಾಯಲಾರೆ ಎಂದು ಹೇಳಿ ಹೆಗಲ ಮೇಲಿನ ಟವಲನ್ನು ಕುರ್ಚಿಯ ಮೇಲೆ ಎಸೆದು ಹೋದ. ಎರಡು ತಿಂಗಳಿಗೆ ಸೇನೆ ಸೇರಿದ ಸುದ್ದಿ ಬಂತು. ಒಮ್ಮೆ ರಜೆಗೆ ಬಂದು ಎಂಟು ದಿನ ಇದ್ದ. ಅಂಗಡಿಯ ಬೀದಿಗೆ ಕಾಲಿಡಲಿಲ್ಲ. ಭಾನುವಾರ ಭಾನುವಾರ ತಾಯಿಗೆ ಫೋನು ಮಾಡುತ್ತಿದ್ದ. ಅಲ್ಲಿ ನಿನಗೇನಪ್ಪ ಕೆಲಸ ಎಂದು ಕೇಳಿದರೆ, ಅದೆಲ್ಲ ಹೇಳೋ ಹಾಗಿಲ್ಲಮ್ಮ ಎನ್ನುತ್ತಿದ್ದ.

ಅಷ್ಟು ಸಾಕಾಯಿತು. ಹೇಳೋ ಹಾಗಿಲ್ಲದ ಕೆಲಸ ಎಂದರೆ ಎಂಥ ಕೆಲಸವಿರಬೇಕು! ತಾಯಿ ನಲ್ಲಿಯ ಹತ್ತಿರ ಒಂದು ಮಾತಾಡಿದರೆ, ಆಕೆಯ ತಮ್ಮ ಅದಕ್ಕೆ ಬಾಲ ಕಟ್ಟಿ, ಹುಡುಗ ಕ್ಷಿಪಣಿ ಹಾರಿಸುವ ಕೋಣೆಯಲ್ಲಿದ್ದಾನೆ, ಗುಂಡಿ ಅವನ ಬೆರಳ ಕೆಳಗೇ ಇದೆ ಎಂಬಲ್ಲಿಗೆ ತಂದು ಮುಟ್ಟಿಸಿದ. ಒಂದ್ನಿಮಿಷದಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವರ ಚಿಂತೆಯೇ ಬೇರೆ. ಇಡೀ ದಿನ ನಿಂತು ಕಾಲು ಊದುತ್ತಿತ್ತು. ಪಕ್ಕದ ಊರಿನ ಒಬ್ಬ ಕೆಲಸಗಾರ ಬಂದು, ಆ ಕುರ್ಚಿ ನನಗೆ ಕೊಡಿ, ಸೋಮವಾರ ಬರುತ್ತೇನೆ, ಇಲ್ಲವೆಂದರೆ ಅಷ್ಟರೊಳಗೆ ಹೇಳಿ, ಬೇರೆ ಕಡೆ ಕರೆದಿದ್ದಾರೆ ಎಂದಿದ್ದ. ಹೂಂ ಎಂದರೆ ಮಗನಿಗೆ ಬಾಗಿಲು ಹಾಕಿದಂತೆ. ಉಹೂಂ ಎಂದರೆ ಕಾಲು ಕೇಳುವುದಿಲ್ಲ. ಫೋನಿನಲ್ಲಿ ಕೇಳುವ ಮಾತಲ್ಲ ಅದು. ಅವರು ಹೆಂಡತಿಗೆ, ಭಾನುವಾರ ಹೋಗಿ ಹುಡುಗನನ್ನು ನೋಡಿಕೊಂಡು ಬರೋಣ ಎಂದರು. ಭಾನುವಾರ ಅಂಗಡಿ ಮುಚ್ಚುವ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕುರ್ಚಿಯ ವಿಷಯ ಆಕೆಗೂ ಗೊತ್ತಿತ್ತು. ಬುತ್ತಿ ಕಟ್ಟಲು ಎದ್ದಳು.

ಗಾಡಿ ಭಾಮೈದನದು, ಶಾಲೆಯ ಮಕ್ಕಳನ್ನು ಸಾಗಿಸುವ ವ್ಯಾನು. ಸೀಟುಗಳು ಮಕ್ಕಳ ಅಳತೆಯವು; ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಮೊಮ್ಮಗನನ್ನು ನೋಡಲು ತಾವೂ ಹೊರಟ ಅತ್ತೆ, ಗಾಡಿ ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂದು ಮುಂದಿನ ಸೀಟು ಹಿಡಿದರು. ಹಿಂದೆ ಗಂಡಹೆಂಡತಿ, ನಡುವೆ ಬುತ್ತಿ. ಬೆಳಕು ಹರಿಯುವ ಮೊದಲೇ ಹೊರಟರು. ಏಳು ಗಂಟೆಯ ದಾರಿ. ಭಾಮೈದ ಸ್ಟೇರಿಂಗ್ ಹಿಡಿದರೆ ಬಾಯಿಗೂ ಗೇರು ಬೀಳುತ್ತಿತ್ತು. ರಾಡಾರು, ಕ್ಷಿಪಣಿ, ನೆಲದಡಿಯ ಕೋಣೆ, ಎಲ್ಲವನ್ನೂ ತಾನೇ ಕಟ್ಟಿಸಿ ಬಂದವನಂತೆ ವಿವರಿಸಿದ. ಅಕ್ಕ ಹೂಂಗುಟ್ಟುತ್ತಿದ್ದಳು. ಅತ್ತೆ ಮಾತ್ರ ಎರಡು ಸಲ ಗಾಡಿ ನಿಲ್ಲಿಸಿ ಇಳಿದು, ಬಾಯಿ ತೊಳೆದು, ಮತ್ತೆ ಹತ್ತುತ್ತ, "ಆ ಗುಂಡಿ ಒತ್ತೋದು ಆಮೇಲೆ, ಮೊದ್ಲು ಬ್ರೇಕ್ ಸ್ವಲ್ಪ ಮೆತ್ತಗೆ ಒತ್ತು" ಎಂದರು.

ಒಂದ್ನಿಮಿಷದಣ್ಣ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದರು. ಮಗನಿಗೆ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು. ಕಾಲಿನಿಂದ ಶುರು ಮಾಡಿದರೆ ಅಳುಬುರುಕತನವಾಗುತ್ತದೆ, ಕೆಲಸಗಾರನಿಂದ ಶುರು ಮಾಡಿದರೆ ಹೆದರಿಸಿದಂತಾಗುತ್ತದೆ. ಜೋಡಿಸಿದ್ದನ್ನು ಬಿಚ್ಚಿ, ಬಿಚ್ಚಿದ್ದನ್ನು ಮತ್ತೆ ಜೋಡಿಸಿ, ಸೇನಾ ನೆಲೆಯ ಗೋಡೆ ಕಾಣುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಗೇಟಿನಲ್ಲಿ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. ಕಾವಲಿನವನು ಬಗ್ಗಿ ವ್ಯಾನಿನ ಅಡಿಗೆ ಕನ್ನಡಿ ತೂರಿಸಿ ನೋಡಿದ. ಅವನು ಬಗ್ಗಿದಾಗ ಟೋಪಿಯ ಕೆಳಗೆ ಕತ್ತು ಕಂಡಿತು. ಒಂದ್ನಿಮಿಷದಣ್ಣ ಕತ್ತು ನೋಡದೆ ಮನುಷ್ಯನನ್ನು ನೋಡಿದವರಲ್ಲ. ಮೂಲೆ ದುಂಡಗಿತ್ತು.

ಇರಲಿ, ಲೋಕದಲ್ಲಿ ಇನ್ನೊಬ್ಬರಿಗೆ ಹೊಳೆಯಬಾರದೆಂದೇನಿಲ್ಲ ಎಂದುಕೊಂಡರು. ಪಕ್ಕದ ಕಚೇರಿಯಲ್ಲಿ ಗುಮಾಸ್ತ ತಲೆ ತಗ್ಗಿಸಿ ಇವರ ಹೆಸರುಗಳನ್ನು ಬರೆದುಕೊಂಡ. ಅವನ ಕತ್ತಿನಲ್ಲೂ ಅದೇ ದುಂಡು, ಅದೇ ಕಡಲೆಕಾಳು. ಅಷ್ಟರಲ್ಲಿ ಹೊರಗೆ ಒಂದು ಲಾರಿ ಹಾದುಹೋಯಿತು, ತೆರೆದ ಹಿಂಬದಿಯಲ್ಲಿ ಹದಿನೈದಿಪ್ಪತ್ತು ಸೈನಿಕರು ಈ ಕಡೆಗೆ ಬೆನ್ನು ಹಾಕಿ ಕೂತಿದ್ದರು. ಅಷ್ಟೂ ಕತ್ತುಗಳ ಮೇಲೆ ಒಂದೇ ಕೈ ಆಡಿತ್ತು. ಕೈಯ ಗುರುತು ಅವರಿಗೆ ಚೆನ್ನಾಗಿ ಗೊತ್ತು. ಒಂದು ಮಾತ್ರ ಕೂಡಿಬರಲಿಲ್ಲ: ಎಲ್ಲರಿಗೂ ಎಡದ ಬದಲು ಬಲಗಡೆ ಒಂದೆಳೆ ಮೇಲಿತ್ತು. ಕಲಿಸಿದ್ದನ್ನು ಮರೆತನೋ, ಇಲ್ಲ ಬೇಕೆಂದೇ ತಿರುಗಿಸಿದನೋ.

ಭಾಮೈದ ಗುಮಾಸ್ತನ ಹತ್ತಿರ, ನಮ್ಮ ಹುಡುಗ ಯಾವ ವಿಭಾಗದಲ್ಲಿದ್ದಾನೆ ಸ್ವಾಮಿ ಎಂದು ಮೆಲ್ಲಗೆ ವಿಚಾರಿಸಲು ಹೋದ. ಒಂದ್ನಿಮಿಷದಣ್ಣ ಅವನ ರಟ್ಟೆ ಹಿಡಿದು ಈಚೆ ಕರೆದುಕೊಂಡು ಬಂದರು. ಇಂಥ ಕಡೆ ಹೆಚ್ಚು ಕೇಳಬಾರದಪ್ಪ ಎಂದರು. ಅವನು ಗಂಭೀರವಾಗಿ ತಲೆಯಾಡಿಸಿದ.

ಭೇಟಿಯ ಕೋಣೆಯಲ್ಲಿ ಉದ್ದ ಮೇಜುಗಳು, ಕಬ್ಬಿಣದ ಕುರ್ಚಿಗಳು, ಗೋಡೆಗೆ ಒಂದು ಗಡಿಯಾರ. ಮಗ ಇಸ್ತ್ರಿಯ ಗೆರೆ ಮುರಿಯದ ಸಮವಸ್ತ್ರದಲ್ಲಿ ಬಂದ. ತಾಯಿ ಅವನ ಕೆನ್ನೆ ಮುಟ್ಟಿ ನೋಡಿದಳು, ಬುತ್ತಿ ಬಿಚ್ಚಿದಳು. ಸೋದರಮಾವ ಕಣ್ಣು ಮಿಟುಕಿಸಿ, ನೀನೇನೂ ಹೇಳಬೇಡ, ನಮಗೆಲ್ಲ ಗೊತ್ತು ಎಂದ. ಮಗನ ಮುಖ ಬಿಳುಪೇರಿದ್ದನ್ನು ಕಂಡವರು ತಂದೆ ಒಬ್ಬರೇ. ಅಜ್ಜಿ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ಬಂದೂಕು ಎಲ್ಲೋ?"

"ಭಾನುವಾರ ಅಲ್ವಾ ಅಜ್ಜಿ, ಅದಕ್ಕೂ ರಜಾ."

ಎಲ್ಲರೂ ನಕ್ಕರು. ಒಂದ್ನಿಮಿಷದಣ್ಣ ನಗುತ್ತಲೇ ಮಗನ ತೋಳು ನೋಡಿದರು. ಮಡಿಸಿದ ತೋಳಿನ ಮಡಿಕೆಯಲ್ಲಿ ಸಣ್ಣ ಸಣ್ಣ ಕೂದಲ ಚೂರುಗಳು ಸಿಕ್ಕಿಕೊಂಡಿದ್ದವು. ಕೆಲಸದ ನಡುವಿನಿಂದ ಎದ್ದು ಬಂದಿದ್ದಾನೆ, ಭಾನುವಾರ ಇಲ್ಲಿಯೂ ಜನ ಜಾಸ್ತಿ ಎಂದು ತಿಳಿಯಿತು.

ಈಗ ಅವರಿಗೆ ಮಾತು ತಾನಾಗಿ ಸಿಕ್ಕಿತು. ಏಳು ಗಂಟೆ ಹುಡುಕಿದರೂ ಸಿಗದ್ದು. ಇಲ್ಲೂ ಕತ್ತರಿ, ಅಲ್ಲೂ ಕತ್ತರಿ. ಕಂಡವರ ತಲೆಯ ಹಿಂದೆ ನಿಲ್ಲುವುದೇ ಆದರೆ ನಿನ್ನ ಕುರ್ಚಿಯ ಹಿಂದೆಯೇ ನಿಲ್ಲು ಬಾ. ಇಷ್ಟು ಹೇಳಿದರೆ ಹುಡುಗನಿಗೆ ಎದುರು ಮಾತಿರಲಿಲ್ಲ. ಆದರೆ ತಾಯಿಯ ಮುಂದೆ ಹೇಳುವುದಲ್ಲ. ಅವರು ತಮ್ಮ ತಲೆ ಸವರಿಕೊಂಡರು. ಮಗ ಹೋದಾಗಿನಿಂದ ಅವರು ಕೂದಲು ಕತ್ತರಿಸಿಕೊಳ್ಳಲು ಪೇಟೆಯ ಆಚೆ ತುದಿಯ ಅಂಗಡಿಗೆ ಹೋಗುತ್ತಿದ್ದರು. ಅದೂ ತಡಮಾಡಿ ತಡಮಾಡಿ, ಕಿವಿ ಮುಚ್ಚಿದ ಮೇಲೆ.

"ಇಲ್ಲೆಲ್ಲಾದ್ರೂ ಕಟಿಂಗ್ ಮಾಡ್ತಾರೇನಪ್ಪ? ಕೂದಲು ಬೆಳೆದುಬಿಟ್ಟಿದೆ."

ಭಾಮೈದ, ಏಳು ಗಂಟೆ ಗಾಡಿ ಓಡಿಸಿಕೊಂಡು ಬಂದದ್ದು ಇದಕ್ಕಾ ಭಾವ ಎಂದು ನಗೆಯಾಡಿದ. ಮಗ ನಗಲಿಲ್ಲ. ತಂದೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ ಒಬ್ಬರಿಗೆ ಒಳಗೆ ಹೋಗುವ ಚೀಟಿ ಬರೆಸಿಕೊಂಡು ಬಂದ. ಅರ್ಧ ಗಂಟೆಯ ಚೀಟಿ.

ತಂದೆ ಮಗ ಇಬ್ಬರೂ ನಡೆದರು. ಸುಣ್ಣ ಬಳಿದ ಕಲ್ಲುಗಳ ನಡುವಿನ ದಾರಿ, ಎರಡು ಶೆಡ್ಡುಗಳು, ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಒಂದು ಉದ್ದನೆಯ ಕೋಣೆ. ಒಳಗೆ ಮೂರು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಬೆಂಚಿನಲ್ಲಿ ಆರೇಳು ಜನ. ಎರಡು ಕುರ್ಚಿಗಳಲ್ಲಿ ಕೆಲಸ ನಡೆದಿತ್ತು. ಮಗನನ್ನು ಕಂಡು ಕೆಲಸದವರಿಬ್ಬರೂ ಸ್ವಲ್ಪ ಸರಿದು ದಾರಿ ಬಿಟ್ಟರು. ಬೆಂಚಿನವರಲ್ಲಿ ಒಬ್ಬ, ಮಾಸ್ಟರ್, ನನ್ನ ಸರದಿ ಯಾವಾಗ ಎಂದ.

"ಒಂದೇ ನಿಮಿಷ" ಎಂದ ಮಗ.

ಒಂದ್ನಿಮಿಷದಣ್ಣ ಮೂರನೆಯ ಕುರ್ಚಿಯಲ್ಲಿ ಕೂತರು. ಮಗ ಬಟ್ಟೆ ಹೊದಿಸಿ ಕುತ್ತಿಗೆಗೆ ಗಂಟು ಹಾಕಿದ, ನೀರು ಚಿಮುಕಿಸಿ ಬಾಚಿದ, ಕತ್ತರಿ ಎತ್ತಿಕೊಂಡ. ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಮೊದಲು ತೆಗೆದ. ಆಮೇಲೆ ಅವನೇ ಕೇಳಿದ.

"ಯಾವಾಗ ಗೊತ್ತಾಯ್ತು?"

"ಗೇಟಲ್ಲೇ. ಕಾವಲಿನವನ ಕತ್ತು ನೋಡ್ದೆ."

ಮಗ ಹೇಳಿಕೊಂಡ. ಭರ್ತಿಗೆ ಹೋದಾಗ ಬಂದೂಕು ಹಿಡಿಯುವವರ ಸಾಲಿನಲ್ಲೇ ನಿಂತಿದ್ದನಂತೆ. ಎತ್ತರ ಎರಡು ಬೆರಳು ಸಾಲಲಿಲ್ಲ. ಬೇರೇನು ಬರುತ್ತದೆ ಎಂದು ಅಧಿಕಾರಿ ಕೇಳಿದಾಗ ಬಾಯಿಗೆ ಬಂದದ್ದು ಇದೊಂದೇ. ಅಷ್ಟು ಜನರ ಎದುರು ಟವಲ್ ಎಸೆದು ಬಂದವನು ಯಾವ ಮುಖ ಹೊತ್ತು ಹೇಳಲಿ ಎಂದ. ಒಂದ್ನಿಮಿಷದಣ್ಣ ಕೇಳಿಸಿಕೊಂಡರು. ಅವರ ನಾಲಿಗೆಯ ತುದಿಯಲ್ಲಿ ಆ ಮಾತು ಸಿದ್ಧವಾಗಿ ನಿಂತಿತ್ತು. ಅದಕ್ಕೆ ಮೊದಲು ಕೆಲಸದ ವಿಷಯ ಒಂದು ಕೇಳಿ ಮುಗಿಸೋಣ ಎನ್ನಿಸಿತು.

"ಎಡಗಡೆ ಎತ್ತು ಅಂತ ಹೇಳ್ಕೊಟ್ಟಿದ್ದೆ. ಎಲ್ರಿಗೂ ಬಲಗಡೆ ಎತ್ತಿದೀಯಲ್ಲೋ."

"ಇವ್ರು ದಿನಾ ಬಂದೂಕು ಹಿಡಿಯೋರಪ್ಪ. ಬಲ ಹೆಗಲಿಗೆ ಇಟ್ಕೊಂಡು ಕೆನ್ನೆ ಆ ಕಡೆ ಒತ್ತಿ ಗುರಿ ನೋಡ್ತಾರೆ. ಕಾಲರ್ ಉಜ್ಜೋದು ಬಲಗಡೆ. ಮೊದಲ ತಿಂಗಳು ನೀನು ಹೇಳಿದ ಹಾಗೇ ಮಾಡ್ದೆ, ವಾರಕ್ಕೇ ಕೆದರೋದು. ಆಮೇಲೆ ಮೈದಾನಕ್ಕೆ ಹೋಗಿ, ಅವ್ರ ಹಿಂದೆ ನಿಂತು ನೋಡ್ದೆ."

ಒಂದ್ನಿಮಿಷದಣ್ಣ ಕನ್ನಡಿಯಲ್ಲಿ ಬೆಂಚಿನವರನ್ನು ನೋಡಿದರು. ನೆಟ್ಟಗೆ ಕೂತ ಆರೇಳು ಜನ, ತಮ್ಮ ಸರದಿಗೆ, ಇವನ ಕೈಗೆ ಕಾಯುತ್ತಿದ್ದವರು. ಇದನ್ನು ಅವರು ಕಲಿಸಿರಲಿಲ್ಲ. ಹಿಂದೆ ನಿಂತು ಸಾಯಲಾರೆ ಎಂದವನು ಹಿಂದೆ ನಿಂತು ನೋಡಿ ಕಂಡುಕೊಂಡಿದ್ದ. ಸಿದ್ಧವಾಗಿದ್ದ ಮಾತನ್ನು ಅವರು ನುಂಗಿಕೊಂಡರು.

"ಸೋಮವಾರ ಒಬ್ಬ ಬರ್ತಾನೆ" ಎಂದರು. "ಆ ಕುರ್ಚಿಗೆ."

ಕತ್ತರಿ ನಿಂತಿತು.

"ಕೈ ಹೇಗಿದೆ?"

"ಪರವಾಗಿಲ್ಲ. ಮೂಲೆ ಬಿಡ್ತಾನೆ."

"ನೀನು ಹೇಳ್ಕೊಟ್ರೆ ಕಲೀತಾನೆ" ಎಂದು ಮಗ ಕ್ಷೌರದ ಕತ್ತಿಗೆ ಹೊಸ ಬ್ಲೇಡು ಹಾಕಿದ. ಅವರ ತಲೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ಬಗ್ಗಿಸಿ, ಹಿಂದೆ ಗೆರೆ ತೆಗೆದು, ಮೂಲೆಗಳನ್ನು ತಿರುಗಿಸಿದ. ಅವರಿಗೆ ಎಡಗಡೆಯನ್ನೇ ಮೇಲೆತ್ತಿದ. ಬಟ್ಟೆ ಕೊಡವುವಾಗ, ಅಮ್ಮನಿಗೆ ಹೇಳುತ್ತೀಯಾ ಎಂದು ಕೇಳಿದ. ನಿನಗೆ ಹೇಳಬೇಕೆನಿಸಿದ ದಿನ ನೀನೇ ಹೇಳು ಎಂದರು ಅವರು.

ಹಿಂದಿರುಗುವಾಗ ಅತ್ತೆಗೆ ನಿದ್ದೆ ಬಂದದ್ದರಿಂದ ಅವರನ್ನು ಹಿಂದೆ ಮಲಗಿಸಿ, ಒಂದ್ನಿಮಿಷದಣ್ಣ ಮುಂದೆ ಕೂತರು. ಹೆಂಡತಿಯ ಜಾಗ ಅವರ ಬೆನ್ನ ಹಿಂದೆಯೇ. ಭಾಮೈದ ಕ್ಷಿಪಣಿಯ ಮಾತನ್ನು ಬಿಟ್ಟಲ್ಲಿಂದ ಎತ್ತಿಕೊಂಡ. ಒಳಗೆ ಹೋಗಿ ಬಂದವರು ಭಾವ ಒಬ್ಬರೇ. ಏನು ಕಂಡಿರಿ, ಸ್ವಲ್ಪವಾದರೂ ಹೇಳಿ ಎಂದು ಪೀಡಿಸಿದ.

"ಹೇಳೋ ಹಾಗಿಲ್ಲಪ್ಪ" ಎಂದರು ಒಂದ್ನಿಮಿಷದಣ್ಣ.

ಮೂರು ನಾಲ್ಕು ಮೈಲಿ ಕಳೆಯಿತು. ಹಿಂದಿನಿಂದ ಹೆಂಡತಿಯ ದನಿ ಬಂತು.

"ರೀ, ಕಟಿಂಗ್ ಚೆನ್ನಾಗಿದೆ. ಯಾರು ಮಾಡಿದ್ದು?"

"ಅಲ್ಲೊಬ್ರು ಮಾಸ್ಟರ್ ಇದಾರೆ."

ಮೂವತ್ತು ವರ್ಷ ಅವರ ಬೆನ್ನ ಹಿಂದೆಯೇ ಓಡಾಡಿ ಬಾಳಿದವಳು, ಆ ಕತ್ತು ಆಕೆಗೂ ಅಪರಿಚಿತವಲ್ಲ. ಆಕೆಯ ಒಂದು ಬೆರಳು ಅವರ ಕತ್ತಿನ ಎಡಗಡೆ, ದುಂಡು ತಿರುಗಿದ ಜಾಗದಲ್ಲಿ, ಅಂಟಿದ್ದ ಒಂದು ಕೂದಲ ಚೂರನ್ನು ತೆಗೆದಂತಾಯಿತು. ಒಳ್ಳೆಯ ಕೈ ಎಂದಳು. ತಮ್ಮ ಮತ್ತೆ ಗುಂಡಿಯ ವಿಷಯ ಎತ್ತಿದಾಗ, ಮಾತು ಸಾಕು, ರಸ್ತೆ ನೋಡಿಕೊಂಡು ಓಡಿಸು ಎಂದಳು. ಅವಳು ಅವನಿಗೆ ಹೂಂಗುಟ್ಟುವುದನ್ನು ಬಿಟ್ಟದ್ದು ಅಂದಿನಿಂದ. ನಲ್ಲಿಯ ಹತ್ತಿರ ಯಾರಾದರೂ ಕೇಳಿದರೆ, ಮಗ ಚೆನ್ನಾಗಿದ್ದಾನೆ, ಅವನ ಕೆಲಸಕ್ಕೆ ಜನ ಸಾಲುಗಟ್ಟಿ ಕಾಯುತ್ತಾರೆ ಎಂದಷ್ಟೇ ಹೇಳುತ್ತಿದ್ದಳು.

ಸೋಮವಾರ ಹೊಸ ಕೆಲಸಗಾರ ಹೊತ್ತಿಗೆ ಸರಿಯಾಗಿ ಬಂದ. ಒಂದ್ನಿಮಿಷದಣ್ಣ ಹಾಸುಬಟ್ಟೆಯನ್ನು ತೆಗೆದು ಬಾಗಿಲ ಹೊರಗೆ ಕೊಡವಿ ಮಡಿಸಿಟ್ಟರು. ಕುರ್ಚಿಯ ತಿರುಪಿಗೆ ಎಣ್ಣೆ ಬಿಟ್ಟರು. ಮೊದಲ ಗಿರಾಕಿ ಕೂತ. ಗೆರೆ ತೆಗೆಯುವ ಹೊತ್ತಿಗೆ ಅವರು ತಮ್ಮ ಕೆಲಸ ನಿಲ್ಲಿಸಿ ಬಂದು, ಕತ್ತಿ ಹೇಗೆ ಹಿಡಿದು ಮೂಲೆ ತಿರುಗಿಸಬೇಕೆಂದು ತೋರಿಸಿದರು. ಒಂದು ಕಡೆ ಒಂದೆಳೆ ಮೇಲಿರಬೇಕು ಎಂದರು. ಕೆಲಸಗಾರ ಯಾವ ಕಡೆ ಎಂದು ಕೇಳಿದ.

ಎಡಗಡೆ ಎನ್ನಲು ಬಾಯಿ ತೆರೆದವರು ತಡೆದರು.

"ಮೊದ್ಲು ಅವ್ರು ಏನು ಕೆಲ್ಸ ಮಾಡ್ತಾರೆ ಅಂತ ಕೇಳು."